ಮೂರು ವರ್ಷ ಬಳಸಿದ ಅಲ್ಟ್ರಾಸಾನಿಕ್ ಕ್ಲೀನರ್: ಆರ್‌ಡಿ 350ರ ಐಡ್ಲಿಂಗ್‌ಗೆ ಎಷ್ಟು ಪ್ರಯೋಜನಕ್ಕೆ ಬಂತು?

ಮೂರು ಲೀಟರ್ ಹಿಡಿಯುವ ಸ್ಟೀಲ್ ತೊಟ್ಟಿ, ತಳದಲ್ಲಿ ಹೀಟರ್, 40 ಕಿಲೋಹರ್ಟ್ಸ್ ಕಂಪನ, ಮೇಲೊಂದು ಟೈಮರ್: ನಾನು ಕೊಂಡ ಅಲ್ಟ್ರಾಸಾನಿಕ್ ಕ್ಲೀನರ್ ಇಷ್ಟೇ. ಕನ್ನಡಕದ ಅಂಗಡಿಗಳಲ್ಲಿ ಕಾಣುವ ಪುಟ್ಟ ಯಂತ್ರದ ಅಣ್ಣ ಎನ್ನಬಹುದು. ಇದನ್ನು ಕೊಂಡದ್ದು ಒಂದೇ ಕಾರಣಕ್ಕೆ. ನನ್ನ 1984ರ ರಾಜ್‌ದೂತ್ 350, ಅಂದರೆ ಎಲ್ಲರೂ ಆರ್‌ಡಿ ಎಂದೇ ಕರೆಯುವ ಗಾಡಿ, ಕೆಂಪು ಸಿಗ್ನಲ್ ಬಿದ್ದಾಗಲೆಲ್ಲ ಐಡ್ಲಿಂಗ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಬಿಟ್ಟು ನಿಂತಲ್ಲೇ ಇಂಜಿನ್ ಓಡುತ್ತಿರಬೇಕಾದಾಗ, ಆಫ್ ಆಗುತ್ತಿತ್ತು.

ಬೆಳಿಗ್ಗೆ ಚೋಕ್ ಎಳೆದು ಕಿಕ್ ಹೊಡೆದರೆ ಎರಡನೆಯ ಹೊಡೆತಕ್ಕೇ ಶುರುವಾಗಿ ಚೆನ್ನಾಗಿಯೇ ಓಡುತ್ತಿದ್ದ ಗಾಡಿ, ಬೆಂಗಳೂರಿನ ಜಯನಗರದಿಂದ ಹೊರಟು ಸೌತ್ ಎಂಡ್ ಸರ್ಕಲ್ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ, ಚೋಕ್ ತೆಗೆದ ಮೇಲೆ, ಆಕ್ಸಿಲರೇಟರ್ ಬಿಟ್ಟ ಕೂಡಲೇ ಒಂದೇ ಕಾಲಿನಲ್ಲಿ ಕುಂಟಿದಂತೆ ಸದ್ದು ಮಾಡಿ ನಿಂತುಬಿಡುತ್ತಿತ್ತು. 347 ಸಿಸಿಯ ಈ ಟೂ-ಸ್ಟ್ರೋಕ್ ಇಂಜಿನ್ನಿಗೆ ಎರಡು ಸಿಲಿಂಡರ್, ಒಂದೊಂದಕ್ಕೂ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಪ್ರತ್ಯೇಕ ಕಾರ್ಬುರೇಟರ್. ಆದ್ದರಿಂದ ಒಂದು ಕಡೆ ತೊಂದರೆಯಾದರೂ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಅದು ಗೊತ್ತಾಗುವುದಿಲ್ಲ, ನಿಂತಾಗ ಮಾತ್ರ ಬಯಲಾಗುತ್ತದೆ. ಎರಡೂ ಸೈಲೆನ್ಸರ್ ಪೈಪುಗಳ ಬುಡಕ್ಕೆ ಒಂದೊಂದು ಹನಿ ನೀರು ಬಿಟ್ಟು ನೋಡಿದೆ. ಬಲಗಡೆಯದು ಚುಯ್ ಎಂದು ಆರಿತು. ಎಡಗಡೆಯ ಹನಿ ಪೈಪಿನ ಮೇಲೆ ಸಾವಧಾನವಾಗಿ ಜಾರಿ ಕೆಳಗೆ ಬಿತ್ತು. ಚೋಕನ್ನು ಮತ್ತೆ ಅರ್ಧ ಎಳೆದು ಪೆಟ್ರೋಲಿನ ಪಾಲು ಹೆಚ್ಚಿಸಿದರೆ ಎಡಗಡೆ ಚೇತರಿಸಿಕೊಳ್ಳುತ್ತಿತ್ತು. ಅಂದರೆ ಆ ಸಿಲಿಂಡರಿಗೆ ಒಂದೋ ಪೆಟ್ರೋಲ್ ಸಾಲುತ್ತಿಲ್ಲ, ಇಲ್ಲವೇ ಬೇಡದ ಗಾಳಿ ಎಲ್ಲಿಂದಲೋ ನುಗ್ಗುತ್ತಿದೆ.

ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕೊಡುವುದು ಕಾರ್ಬುರೇಟರಿನ ಮೇನ್ ಜೆಟ್ ಎಂಬ ದೊಡ್ಡ ರಂಧ್ರದ ಹಿತ್ತಾಳೆ ತುಣುಕಲ್ಲ, ಪೈಲಟ್ ಜೆಟ್ ಎಂಬ ಸಣ್ಣದು. ಅದರ ರಂಧ್ರ ಕಾಲು ಮಿಲಿಮೀಟರಿನ ಆಸುಪಾಸು. ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಾಗ ಬಲಗಡೆಯ ಜೆಟ್‌ನಲ್ಲಿ ಸೂಜಿಮೊನೆಯಷ್ಟು ಬೆಳಕು ದುಂಡಗೆ ಕಂಡಿತು, ಎಡಗಡೆಯದರಲ್ಲಿ ಕಂಡದ್ದು ಅಂಚು ಹರಿದ ಅರ್ಧಚಂದ್ರ. ಜೆಟ್ಟನ್ನಾದರೂ ಕೈಯಲ್ಲಿ ತೊಳೆಯಬಹುದು. ಆದರೆ ಅಲ್ಲಿಂದ ಮುಂದೆ ಆಕ್ಸಿಲರೇಟರ್ ತಿರುಗಿಸಿದಾಗ ಮೇಲೇಳುವ ಸ್ಲೈಡಿನ ಕೆಳಗೆ ತೆರೆದುಕೊಳ್ಳುವ ಸಣ್ಣ ದಾರಿಗಳು ಕಾರ್ಬುರೇಟರಿನ ದೇಹದೊಳಗೇ ತಿರುಗಿಕೊಂಡು ಹೋಗುವುದರಿಂದ ಅಲ್ಲಿಗೆ ಬ್ರಷ್ ಆಗಲಿ ತಂತಿಯಾಗಲಿ ತಲುಪುವುದಿಲ್ಲ. ಸ್ಪ್ರೇ ಹೊಡೆದು, ಕಂಪ್ರೆಸರ್ ಗಾಳಿ ಊದಿ, ಮೂರು ಬಾರಿ ಗ್ಯಾರೇಜಿಗೆ ದುಡ್ಡು ಕೊಟ್ಟ ಮೇಲೆ ಈ ಯಂತ್ರ ಮನೆಗೆ ಬಂತು.

ಇದು ಕೆಲಸ ಮಾಡುವ ಬಗೆ ಸರಳವಾಗಿದೆ. ತಳಕ್ಕೆ ಅಂಟಿಸಿದ ಕಂಪಕ ನೀರನ್ನು ಸೆಕೆಂಡಿಗೆ 40 ಸಾವಿರ ಸಲ ನಡುಗಿಸುತ್ತದೆ. ಆಗ ಹುಟ್ಟುವ ಅತಿ ಸಣ್ಣ ಗುಳ್ಳೆಗಳು ಲೋಹದ ಮೈಮೇಲೆ ಕುಸಿದು ಒಡೆಯುವಾಗ ಅಂಟಿದ ಕೊಳೆಯನ್ನು ಕಿತ್ತುಹಾಕುತ್ತವೆ. ನೀರು ಹೋಗುವ ಜಾಗಕ್ಕೆಲ್ಲ ಆ ಹೊಡೆತವೂ ಹೋಗುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಯಂತ್ರ ಬಂದ ದಿನ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್‌ನ ತುಂಡೊಂದನ್ನು ನೀರಿನಲ್ಲಿ ಇಳಿಬಿಟ್ಟು ಎರಡು ನಿಮಿಷ ಓಡಿಸಿದೆ. ಹಾಳೆಯ ತುಂಬ ತೂತು ಬಿದ್ದಿದ್ದವು. ಕೊಳ್ಳುವವರು ಮೊದಲು ಮಾಡಬೇಕಾದ ಪರೀಕ್ಷೆ ಇದು. ಫಾಯಿಲ್ ಹಾಗೇ ಉಳಿದರೆ ಯಂತ್ರವನ್ನು ವಾಪಸು ಕಳಿಸುವುದೇ ಲೇಸು.

ಮೊದಲ ತೊಳೆತದಲ್ಲೇ ನಾನು ಒಂದು ತಪ್ಪು ಮಾಡಿದೆ. ಜಿಡ್ಡು ಬೇಗ ಹೋಗಲಿ ಎಂದು ನೆಲ ತೊಳೆಯುವ ಖಾರವಾದ ದ್ರವವನ್ನು ಧಾರಾಳವಾಗಿ ಸುರಿದೆ. ಕ್ಷಾರ ಹೆಚ್ಚಿದ್ದ ಆ ನೀರಿನಲ್ಲಿ ಇಪ್ಪತ್ತು ನಿಮಿಷ ಕುಳಿತ ಎಡ ಕಾರ್ಬುರೇಟರ್ ಬೂದುಬಣ್ಣ ಕಳೆದುಕೊಂಡು ಸೀದ ಹಂಚಿನಂತೆ ಕಪ್ಪಾಗಿ ಎದ್ದು ಬಂತು, ಇಂದಿಗೂ ಹಾಗೆಯೇ ಇದೆ. ಕೆಲಸಕ್ಕೆ ತೊಂದರೆಯಿಲ್ಲ, ಆದರೆ ಎರಡನ್ನೂ ಒಟ್ಟಿಗೆ ನೋಡಿದವರು ಬೇರೆ ಬೇರೆ ಗಾಡಿಯದೇ ಎಂದು ಕೇಳುತ್ತಾರೆ. ಈಗ ಪಾತ್ರೆ ತೊಳೆಯುವ ಸೌಮ್ಯ ದ್ರವ ಎರಡು ಚಮಚ, ನೀರಿನ ಬಿಸಿ 50ರಿಂದ 60 ಡಿಗ್ರಿ, ಒಂದು ಸಲಕ್ಕೆ ಹತ್ತೇ ನಿಮಿಷ. ಬೋರ್‌ವೆಲ್ ನೀರು ಬಳಸಿದರೆ ಒಣಗಿದ ಮೇಲೆ ದಾರಿಗಳಲ್ಲಿ ಬಿಳಿ ಪುಡಿ ಕೂರುವುದರಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರುತ್ತೇನೆ. ತೊಟ್ಟಿಗೆ ಪೆಟ್ರೋಲ್ ಅಥವಾ ಥಿನ್ನರ್ ಸುರಿಯುವ ಯೋಚನೆಯನ್ನು ಯಾರೂ ಮಾಡಬಾರದು. ಕೆಳಗೆ ಹೀಟರ್ ಇದೆ, ಮೇಲೆ ಆವಿ ಇರುತ್ತದೆ, ಬೆಂಕಿಗೆ ಬೇರೇನೂ ಬೇಕಿಲ್ಲ. ಓ-ರಿಂಗ್, ಗ್ಯಾಸ್ಕೆಟ್, ರಬ್ಬರ್ ಏನಿದ್ದರೂ ಮೊದಲೇ ತೆಗೆದಿಡಬೇಕು.

ನಿರೀಕ್ಷಿಸದೆ ಸಿಕ್ಕ ಲಾಭವೂ ಒಂದಿದೆ. ಬಿಸಿನೀರಿನ ತೊಟ್ಟಿ ಹೇಗೂ ಇದೆಯೆಂದು ಬಲ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಹಿತ್ತಾಳೆಯ ಪೊಳ್ಳು ಫ್ಲೋಟನ್ನು, ಕಂಪನ ಆಫ್ ಮಾಡಿ, ಬೆರಳಿನಿಂದ ಅದುಮಿ ಮುಳುಗಿಸಿದೆ. ಬೆಸುಗೆಯ ಅಂಚಿನಿಂದ ಸಾಸಿವೆಕಾಳಿನಷ್ಟು ಗುಳ್ಳೆಗಳು ಸಾಲಾಗಿ ಎದ್ದವು. ಒಳಗೆ ಪೆಟ್ರೋಲ್ ಸೇರಿ ಫ್ಲೋಟ್ ಭಾರವಾಗಿದ್ದುದರಿಂದಲೇ ಬಲಗಡೆ ಆಗಾಗ ಪೆಟ್ರೋಲ್ ಉಕ್ಕಿ ಪ್ಲಗ್ ನೆನೆಯುತ್ತಿತ್ತು ಎಂಬುದು ಆಗ ತಿಳಿಯಿತು.

ತೊಳೆದ ಕಾರ್ಬುರೇಟರ್‌ಗಳನ್ನು ಕೂರಿಸಿ, ಐಡ್ಲಿಂಗ್‌ನ ಗಾಳಿ ಹೊಂದಿಸುವ ಏರ್ ಸ್ಕ್ರೂ ಪೂರ್ತಿ ಬಿಗಿಮಾಡಿ ಒಂದೂವರೆ ಸುತ್ತು ಹಿಂದಕ್ಕೆ ಬಿಟ್ಟಾಗ ಗಾಡಿ 1,200 ಆರ್‌ಪಿಎಂನಲ್ಲಿ ಸ್ಥಿರವಾಗಿ ನಿಂತಿತು. ಯಂತ್ರಕ್ಕೆ ಕೊಟ್ಟ ದುಡ್ಡು ವಸೂಲಾಯಿತೆಂದು ಮನೆಯವರಿಗೆಲ್ಲ ಹೇಳಿದೆ. ಮೂರು ವಾರಕ್ಕೆ ತೊಂದರೆ ಮರಳಿ ಬಂತು.

ಈ ಸಲ ಲಕ್ಷಣವೇ ಬೇರೆ ಇತ್ತು, ನಾನು ಮಾತ್ರ ಅದನ್ನು ಗಮನಿಸಲಿಲ್ಲ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ವೇಗ ಕೂಡಲೇ ಇಳಿಯದೆ ಮೇಲೆಯೇ ತೇಲಿ, ಆಮೇಲೆ ಒಮ್ಮೆಲೇ ಕುಸಿಯುತ್ತಿತ್ತು. ಯಂತ್ರವಿದೆ ಎಂಬ ಧೈರ್ಯದಲ್ಲಿ ಎರಡು ಭಾನುವಾರ ಮತ್ತೆ ಮತ್ತೆ ಬಿಚ್ಚಿ ತೊಳೆದೆ. ಕೊನೆಗೆ ಇಂಜಿನ್ ಓಡುತ್ತಿರುವಾಗ ಕಾರ್ಬುರೇಟರ್ ಮತ್ತು ಸಿಲಿಂಡರಿನ ನಡುವಿನ ರಬ್ಬರಿನ ಸುತ್ತ ಸ್ವಲ್ಪ ಕ್ಲೀನರ್ ಸ್ಪ್ರೇ ಹೊಡೆದಾಗ ಸದ್ದು ತಟ್ಟನೆ ಬದಲಾಯಿತು, ಅಂದರೆ ಅಲ್ಲಿಂದ ಗಾಳಿ ನುಗ್ಗುತ್ತಿತ್ತು. ರಬ್ಬರನ್ನು ಬಿಚ್ಚಿ ಹೆಬ್ಬೆರಳಿನಿಂದ ಮಡಿಸಿದರೆ ಅದರ ಅಡಿಭಾಗ ಒಣಗಿದ ಕೆರೆಯಂಗಳದಂತೆ ಬಿರುಕುಬಿಟ್ಟಿತ್ತು. ಹೊಸದನ್ನು ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹುಡುಕಿ ತಂದು ಹಾಕಿದ ಮೇಲೆ ತೇಲಾಟ ನಿಂತಿತು. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಆದರೆ ಕೈಯಲ್ಲಿ ಯಂತ್ರವಿದ್ದರೆ ಪ್ರತಿ ದೋಷವೂ ಕೊಳೆಯೆಂದೇ ತೋರುತ್ತದೆ, ಮತ್ತು ಇದನ್ನು ಮಾರುವ ಯಾರೂ ಆ ಮಾತನ್ನು ಹೇಳುವುದಿಲ್ಲ. ಟೂ-ಸ್ಟ್ರೋಕ್ ಗಾಡಿಯಲ್ಲಿ ಕ್ರ್ಯಾಂಕ್ ಶಾಫ್ಟಿನ ತುದಿಯಲ್ಲಿ ಹೊರಗಿನ ಗಾಳಿ ತಡೆಯುವ ಆಯಿಲ್ ಸೀಲ್ ಹೋದರೂ ಇದೇ ಬಗೆಯ ಲಕ್ಷಣ ಕಾಣಬಹುದು, ಅದಕ್ಕೆ ಇಂಜಿನ್ನನ್ನೇ ಬಿಚ್ಚಬೇಕು.

ಎರಡು ಕಾರ್ಬುರೇಟರ್‌ಗಳನ್ನು ಹೊಂದಿಸುವ ಕೆಲಸವನ್ನೂ ಯಂತ್ರ ಮಾಡಿಕೊಡುವುದಿಲ್ಲ. ಏರ್ ಫಿಲ್ಟರ್ ತೆಗೆದು, ಎರಡೂ ಸ್ಲೈಡುಗಳ ಕೆಳಗೆ ಒಂದೇ ಅಳತೆಯ ಡ್ರಿಲ್ ಬಿಟ್‌ಗಳ ಹಿಂತುದಿಯನ್ನು ತೂರಿಸಿ, ಕೇಬಲ್ಲುಗಳನ್ನು ಎರಡೂ ಸ್ಲೈಡು ಒಟ್ಟಿಗೇ ಏಳುವಂತೆ ಸರಿಪಡಿಸುತ್ತೇನೆ. ಅದೇ ಆಕ್ಸಿಲರೇಟರ್, ಇಂಜಿನ್ನಿಗೆ ಆಯಿಲ್ ಕೊಡುವ ಪಂಪಿನ ಕೇಬಲ್ಲನ್ನೂ ಎಳೆಯುವುದರಿಂದ ಪಂಪಿನ ಗುರುತು ಸರಿಯಾಗಿ ಕೂತಿದೆಯೇ ಎಂದು ಮತ್ತೆ ನೋಡದೆ ಗಾಡಿ ಹೊರಗೆ ತೆಗೆಯಬಾರದು. ಇನ್ನೊಂದು ವಿಷಯ: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಹತ್ತನೆಯ ಒಂದು ಪಾಲು ಕಡಿಮೆ. ಇಲ್ಲಿ ಸರಿಯಾಗಿ ಹೊಂದಿಸಿದ ಗಾಡಿ ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಿದಾಗ ಐಡ್ಲಿಂಗ್‌ನಲ್ಲಿ ಗಾಳಿ ಹೆಚ್ಚಾಗಿ ಪೆಟ್ರೋಲ್ ಸ್ವಲ್ಪ ಸಾಲದಂತಾಗುತ್ತದೆ. ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ ತಿರುಗಿಸಿದರೆ ಸಾಕು, ಬಿಚ್ಚಿ ತೊಳೆಯುವ ಅಗತ್ಯವಿಲ್ಲ.

ಯಂತ್ರದ ಮಿತಿ ಸ್ಪಷ್ಟವಾಗಿ ಕಂಡದ್ದು ಪಕ್ಕದ ಬೀದಿಯ ಪರಿಚಯದವರೊಬ್ಬರ ಯೆಜ್ಡಿ ರೋಡ್‌ಕಿಂಗ್‌ನಲ್ಲಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಕೆಲವೇ ವರ್ಷ ಓಡಿ, ಆಮೇಲೆ ಟ್ಯಾಂಕಿನಲ್ಲಿ ಪೆಟ್ರೋಲ್ ಸಮೇತ ಶೆಡ್ಡಿನಲ್ಲಿ ನಿಂತಿದ್ದ ಗಾಡಿ ಅದು. ಜೆಟ್‌ನೊಳಗೆ ಅರಗಿನಂತೆ ಗಟ್ಟಿಯಾಗಿದ್ದ ಕೊಳೆ ನಾಲ್ಕು ಸಲ ಓಡಿಸಿದರೂ ಬಿಡಲಿಲ್ಲ. ದ್ರವ ಹೋಗದ ಕಡೆ ಗುಳ್ಳೆಯೂ ಹೋಗುವುದಿಲ್ಲ. ಒಂದು ರಾತ್ರಿ ಕಾರ್ಬುರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಕರೆಂಟ್ ವೈರಿನೊಳಗಿನ ತಾಮ್ರದ ಒಂದೇ ಎಳೆಯಿಂದ ದಾರಿ ಮಾಡಿಕೊಟ್ಟ ಮೇಲೆ ಉಳಿದದ್ದನ್ನು ಯಂತ್ರ ಚೊಕ್ಕಟ ಮಾಡಿತು. ಸ್ಟೀಲ್ ತಂತಿ ಹಾಕಿದರೆ ಹಿತ್ತಾಳೆಯ ರಂಧ್ರವೇ ಅಗಲವಾದೀತು.

ಬಾಳಿಕೆಯ ಬಗ್ಗೆ ಹೇಳುವುದಾದರೆ, ಎರಡು ವರ್ಷ ದೂರಿಲ್ಲದೆ ನಡೆಯಿತು. ಮೂರನೆಯ ವರ್ಷ ಹೀಟರ್ ಕೆಟ್ಟಿತು. ಮಾರಿದವರಿಗೆ ಬರೆದ ಮೂರು ಪತ್ರಗಳಿಗೂ ಉತ್ತರ ಬರಲಿಲ್ಲ. ಈಗ ಕೆಟಲ್‌ನಲ್ಲಿ ನೀರು ಕಾಯಿಸಿ ಸುರಿಯುತ್ತೇನೆ, ಕಂಪನಕ್ಕೆ ಕುಂದು ಬಂದಿಲ್ಲ. ಸದ್ದು ಮಾತ್ರ ಕಿವಿಗೆ ಹಿಂಸೆ, ಕೋಣೆಯ ಬಾಗಿಲು ಹಾಕಿಯೇ ಓಡಿಸಬೇಕು. ತೊಟ್ಟಿಗೆ ನಲ್ಲಿ ಇಲ್ಲದ ಕಾರಣ ಕೊಳೆನೀರನ್ನು ಪ್ರತಿಸಲ ಯಂತ್ರ ಎತ್ತಿ ಬಗ್ಗಿಸಿಯೇ ಚೆಲ್ಲಬೇಕು. ಒಮ್ಮೆ ಹಾಗೆ ಬಗ್ಗಿಸುವಾಗ ಪೈಲಟ್ ಜೆಟ್ ಬಚ್ಚಲಿನ ಪಾಲಾಯಿತು.

ಒಂದೇ ಗಾಡಿ, ಒಂದೇ ಕಾರ್ಬುರೇಟರ್ ಇರುವವರಿಗೆ ಇದನ್ನು ಕೊಳ್ಳಿ ಎನ್ನಲಾರೆ, ಯಂತ್ರ ಇರುವ ಗ್ಯಾರೇಜಿನಲ್ಲಿ ವರ್ಷಕ್ಕೊಮ್ಮೆ ತೊಳೆಸಿದರೆ ಸಾಕು. ಎರಡು ಕಾರ್ಬುರೇಟರಿನ ಹಳೆಯ ಗಾಡಿ ಇಟ್ಟುಕೊಂಡು, ತಿಂಗಳಿಗೊಮ್ಮೆ ಹೊರಗೆ ತೆಗೆಯುವವರಿಗೆ ಖಂಡಿತ ಉಪಯೋಗಕ್ಕೆ ಬರುತ್ತದೆ, ಈಗಿನ ಪೆಟ್ರೋಲ್‌ನಲ್ಲಿ ಶೇ. 20ರಷ್ಟು ಎಥನಾಲ್ ಇದ್ದು ಅದು ತೇವ ಹೀರುವುದರಿಂದ ಇನ್ನೂ ಹೆಚ್ಚು. ಕೊಳ್ಳುವುದಾದರೆ ತಳದಲ್ಲಿ ನಲ್ಲಿ ಇರುವ, ಕಾರ್ಬುರೇಟರ್ ಪೂರ್ತಿ ಮುಳುಗಿದರೂ ಸುತ್ತ ಎರಡು ಬೆರಳು ಜಾಗ ಉಳಿಯುವ ಆರು ಲೀಟರಿನದನ್ನೇ ನೋಡಿ.