ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ನಕಲಿ ಸಿಹಿತಿಂಡಿಗಳು: ಉಪ್ಪುಹಿಟ್ಟು, ಪಾಲಿಮರ್ ಕ್ಲೇ, ಫೋಮ್ ಕ್ಲೇ, ಫೆಲ್ಟ್ – ಯಾವುದು ಯಾವುದಕ್ಕೆ?

7 ಸೆಂ.ಮೀ. ಅಗಲದ ಉಬ್ಬು ಡೋನಟ್ ಒಂದು, 9 ಸೆಂ.ಮೀ. ಎತ್ತರದ ಚಪ್ಪಟೆ ಜಿಂಜರ್‌ಬ್ರೆಡ್ ಗೊಂಬೆ ಒಂದು. ಈ ಎರಡನ್ನೂ ಉಪ್ಪುಹಿಟ್ಟು, ಪಾಲಿಮರ್ ಕ್ಲೇ (ಓವನ್ನಿನಲ್ಲಿ ಬೇಯಿಸುವ ಪ್ಲಾಸ್ಟಿಕ್ ಜೇಡಿ), ಫೋಮ್ ಕ್ಲೇ (ಗಾಳಿಗೆ ಒಣಗುವ ಹಗುರ ಜೇಡಿ), ಕೋಲ್ಡ್ ಪೋರ್ಸಲಿನ್ (ಕಾರ್ನ್‌ಫ್ಲೋರ್ ಮತ್ತು ಅಂಟಿನ ಕಣಕ), ಫೆಲ್ಟ್ ಬಟ್ಟೆ ಹೀಗೆ ಐದರಲ್ಲೂ ಮಾಡಿ, ಕೊಂಬೆಯ ತುದಿಗೆ ತೂಗುಹಾಕಿ, ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬೀಳಿಸಿ, ತೇವದ ಕೋಣೆಯಲ್ಲಿ ವಾರ ಇಟ್ಟು ನೋಡಿದ ಹೋಲಿಕೆ ಇದು. ಆಕಾರ ಐದರಲ್ಲೂ ಬರುತ್ತದೆ. ವ್ಯತ್ಯಾಸ ಕಾಣುವುದು ಮೂರು ಕಡೆ: ಬೆಂದ ಮೈಯ ಬಣ್ಣ, ಐಸಿಂಗಿನ ಅಂಚು, ಕೊಂಬೆ ಹೊರಬೇಕಾದ ಭಾರ.

ಉಪ್ಪುಹಿಟ್ಟು: ಚಪ್ಪಟೆ ತಿಂಡಿಗೆ ಮಾತ್ರ

ಮೈದಾ 2 ಕಪ್, ನುಣ್ಣನೆಯ ಉಪ್ಪು 1 ಕಪ್, ನೀರು ಮುಕ್ಕಾಲರಿಂದ 1 ಕಪ್. ನೀರನ್ನು ಒಮ್ಮೆಲೇ ಸುರಿಯದೆ, ಹಿಟ್ಟು ಕೈಬಿಟ್ಟು ಬರುವಷ್ಟೇ ಹಾಕಿ 10 ನಿಮಿಷ ನಾದಬೇಕು. ನಾದಿದ್ದು ಸಾಲದಿದ್ದರೆ ಕತ್ತರಿಸಿದ ಅಂಚು ಬಿರಿಯುತ್ತದೆ. ಉಪ್ಪು ದಪ್ಪವಿದ್ದರೆ ಹರಳು ಕರಗದೆ ಮೈ ತರಿತರಿಯಾಗುತ್ತದೆ. ಬೇಕಿಂಗ್ ಪೌಡರ್ ಬೆರೆತ ಮೈದಾ ಬೇಡವೇ ಬೇಡ, ಗೊಂಬೆ ಉಬ್ಬಿ ಮುಖ ಕೆಡುತ್ತದೆ. 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ ಕತ್ತರಿಸಿ, ಹಸಿಯಿರುವಾಗಲೇ ಸ್ಟ್ರಾದಿಂದ ತೂತು ಹಾಕಿ, 100ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 2ರಿಂದ 3 ಗಂಟೆ, ನಡುವೆ ಒಮ್ಮೆ ಮಗುಚಿ ಒಣಗಿಸಬೇಕು. ಬೇಗ ಆಗಲೆಂದು 150 ಡಿಗ್ರಿಗೆ ಏರಿಸಿದರೆ ಹೊರಮೈ ಮೊದಲು ಬಿಗಿದು, ಒಳಗಿನ ನೀರು ಆವಿಯಾಗಿ ಗುಳ್ಳೆ ಏಳುತ್ತದೆ.

ಜಿಂಜರ್‌ಬ್ರೆಡ್ ಗೊಂಬೆ ಇದರಲ್ಲಿ ಚೆನ್ನಾಗಿ ಬರುತ್ತದೆ, ಡೋನಟ್ ಬಾಳುವುದಿಲ್ಲ. ಎರಡೂವರೆ ಸೆಂ.ಮೀ. ದಪ್ಪದ ಹಿಟ್ಟು ಹೊರಗೆ ಕಲ್ಲಿನಂತಾದರೂ ಒಳಗೆ ಹಸಿಯೇ ಉಳಿಯುತ್ತದೆ. ಬಣ್ಣ ಹಚ್ಚಿದ ಮೇಲೆ ಒಳಗಿನ ತೇವ ಹೊರಬರುತ್ತ ಬಿರುಕು ಬಿಡುತ್ತದೆ. ತೇವದ ಕೋಣೆಯ ಪರೀಕ್ಷೆಯಲ್ಲೂ ಮೊದಲು ಸೋತದ್ದು ಇದೇ. ಗಾಳಿಯ ಆರ್ದ್ರತೆ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೆಳೆದು ಕರಗತೊಡಗುತ್ತದೆ. ಗೊಂಬೆ ಬೆವೆತು ಮೆತ್ತಗಾಗುತ್ತದೆ. ಮುಂದೆ, ಹಿಂದೆ, ಅಂಚಿಗೆ, ತೂತಿನ ಒಳಗೋಡೆಗೂ ಸೇರಿ ಮೂರು ಸಲ ವಾರ್ನಿಷ್ ಹಚ್ಚಿದರೆ ಮಾತ್ರ ತಾಳುತ್ತದೆ. ತೂತಿನೊಳಗೆ ಹಚ್ಚಲು ಎಷ್ಟೋ ಜನ ಮರೆಯುತ್ತಾರೆ, ಗೊಂಬೆ ಮುರಿಯುವುದು ಅಲ್ಲಿಂದಲೇ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು: ಮನೆಯಲ್ಲಿ ನಾಯಿ ಇದ್ದರೆ ಉಪ್ಪುಹಿಟ್ಟು ಬೇಡ. ಇದರಲ್ಲಿರುವಷ್ಟು ಉಪ್ಪು ಹೊಟ್ಟೆಗೆ ಹೋದರೆ ನಾಯಿಯ ಜೀವಕ್ಕೇ ಅಪಾಯ.

ಜಿಂಜರ್‌ಬ್ರೆಡ್ ಒಂದನ್ನೇ ಮಾಡುವುದಾದರೆ ಇದಕ್ಕಿಂತ ಒಳ್ಳೆಯ ದಾರಿ ಇದೆ. 1 ಕಪ್ ಚಕ್ಕೆ ಪುಡಿಗೆ ಮುಕ್ಕಾಲು ಕಪ್ ಸೇಬಿನ ಗೊಜ್ಜು (ಆಪಲ್‌ಸಾಸ್) ಸೇರಿಸಿ ಕಲಸಿ, ಲಟ್ಟಿಸಿ, ದಿನಕ್ಕೆರಡು ಸಲ ಮಗುಚುತ್ತ ಎರಡು ಮೂರು ದಿನ ಗಾಳಿಗೆ ಒಣಗಿಸುವುದು. ಕಂದು ಬಣ್ಣ ಹುಟ್ಟಿನಿಂದಲೇ ಬಂದಿರುತ್ತದೆ, ಪರಿಮಳವೂ ಉಳಿಯುತ್ತದೆ. ವಾರ್ನಿಷ್ ಹಚ್ಚಿದರೆ ಆ ಪರಿಮಳ ಮುಚ್ಚಿಹೋಗುತ್ತದೆ. ಕುತ್ತಿಗೆ ಸಣ್ಣಗಿದ್ದರೆ ಒಣಗುವಾಗಲೇ ಮುರಿಯುವುದರಿಂದ ದಪ್ಪ ಕುತ್ತಿಗೆಯ ಅಚ್ಚು ಬೇಕು.

ಪಾಲಿಮರ್ ಕ್ಲೇ: ನಿಜವಾದ ತಿಂಡಿಯೇ ಅನ್ನಿಸುವುದು ಇದರಲ್ಲಿ

ಇದರ ಗುಟ್ಟು ಬಣ್ಣ ಹಚ್ಚುವುದರಲ್ಲಿದೆ. ಬಿಳಿ ಕ್ಲೇಗೆ ಸ್ವಲ್ಪ ಕಾವಿ ಹಳದಿ, ಚಿಟಿಕೆಯಷ್ಟು ಕಂದು ಬೆರೆಸಿದರೆ ಹಸಿ ಹಿಟ್ಟಿನ ಬಣ್ಣ. ಮುದುಡಿದ ಅಲ್ಯೂಮಿನಿಯಂ ಹಾಳೆ ಒತ್ತಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕುಟ್ಟಿದರೆ ಬೆಂದ ಮೈಯ ಸಣ್ಣ ರಂಧ್ರಗಳು ಮೂಡುತ್ತವೆ. ಮೆದು ಪಾಸ್ಟೆಲ್ ಕಡ್ಡಿಗಳನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿಕೊಂಡು ಒಣ ಬ್ರಷ್‌ನಲ್ಲಿ ಮೂರು ಸುತ್ತು: ಮೈಯೆಲ್ಲ ತಿಳಿ ಹಳದಿಗಂದು, ಮೇಲೆ ಕೆಳಗೆ ಕ್ಯಾರಮೆಲ್ ಬಣ್ಣ, ಉಬ್ಬಿದ ಕಡೆ ಮಾತ್ರ ಗಾಢ ಕಂದು. ಡೋನಟ್ಟಿನ ಸೊಂಟದ ಸುತ್ತ ಒಂದು ತಿಳಿ ಪಟ್ಟಿಯನ್ನು ಹಾಗೆಯೇ ಬಿಡಬೇಕು. ನಿಜವಾದ ಡೋನಟ್ ಎಣ್ಣೆಯಲ್ಲಿ ಅರ್ಧ ಮುಳುಗಿ ತೇಲುತ್ತದೆ, ಮಗುಚಿ ಕರಿದರೂ ನಡುವಿನ ಅಂಚು ಬಿಳಚಿಕೊಂಡೇ ಇರುತ್ತದೆ. ಆ ಪಟ್ಟಿ ಇಲ್ಲದ ಡೋನಟ್ ಎಷ್ಟು ಅಂದವಾಗಿದ್ದರೂ ಆಟಿಕೆಯಂತೆ ಕಾಣುತ್ತದೆ. ಜಿಂಜರ್‌ಬ್ರೆಡ್ಡಿಗೆ ಇದರ ತಿರುಗುಮುರುಗು: ಅಂಚು ಗಾಢ, ನಡು ತಿಳಿ.

ಭಾರವೇ ಇದರ ದೊಡ್ಡ ತೊಂದರೆ. ಗಟ್ಟಿಯಾಗಿ ಪೂರಾ ಕ್ಲೇಯಲ್ಲೇ ಮಾಡಿದ ಡೋನಟ್ 100 ಗ್ರಾಂ ದಾಟುತ್ತದೆ, ಕೊಂಬೆಯ ತುದಿ ಬಾಗುತ್ತದೆ. ಒಳಗೆ ಅಲ್ಯೂಮಿನಿಯಂ ಹಾಳೆಯ ಬಳೆ ಮಾಡಿ, ಅದರ ಮೇಲೆ 5 ಮಿ.ಮೀ. ಕ್ಲೇ ಹೊದಿಸಿದರೆ ಭಾರ ತಕ್ಕಮಟ್ಟಿಗೆ ಇಳಿಯುತ್ತದೆ. ಆ ಹಾಳೆಯನ್ನು ಮೇಜಿನ ಮೇಲೆ ಉರುಳಿಸಿ ಉರುಳಿಸಿ ಬಿಗಿ ಮಾಡಬೇಕು. ಸಡಿಲ ಬಿಟ್ಟರೆ ಒಳಗಿನ ಗಾಳಿ ಶಾಖಕ್ಕೆ ಹಿಗ್ಗಿ ಕ್ಲೇ ಸೀಳುತ್ತದೆ.

ಪೊಟ್ಟಣದ ಮೇಲೆ ಬರೆದ ಶಾಖವೇ ಅಂತಿಮ. ಸಾಮಾನ್ಯವಾಗಿ 110ರಿಂದ 130 ಡಿಗ್ರಿ, ಪ್ರತಿ 6 ಮಿ.ಮೀ. ದಪ್ಪಕ್ಕೆ 15ರಿಂದ 30 ನಿಮಿಷ. ಓವನ್ನಿನ ತಿರುಗುಗುಂಡಿಯನ್ನು ನಂಬುವಂತಿಲ್ಲ, ಒಳಗೆ ಒಂದು ಓವನ್ ಥರ್ಮಾಮೀಟರ್ ಇಡಿ. ಶಾಖ ಕಡಿಮೆಯಾದರೆ ನೋಡಲು ಗಟ್ಟಿ, ಬಿದ್ದರೆ ಚೂರು. ನಮ್ಮ ಬೀಳಿಸುವ ಪರೀಕ್ಷೆಯಲ್ಲಿ ಸರಿಯಾಗಿ ಬೆಂದದ್ದು ಉಳಿಯಿತು, ಅರೆಬೆಂದದ್ದರ ಕೈ ಮುರಿಯಿತು. ಶಾಖ ಮಿತಿಮೀರಿ ಸುಟ್ಟರೆ ಕ್ಲೇಯಲ್ಲಿರುವ ಪಿವಿಸಿಯಿಂದ ಕಣ್ಣು ಮೂಗು ಉರಿಸುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಓವನ್ ಆರಿಸಿ, ಕಿಟಕಿ ತೆರೆದು, ಹೊರಗೆ ಹೋಗುವುದೇ ಸರಿ. ಬಿಳಿ ಬಣ್ಣ ಹಳದಿಯಾಗದಿರಲು ಮೇಲೆ ಅಲ್ಯೂಮಿನಿಯಂ ಹಾಳೆಯನ್ನು ಡೇರೆಯಂತೆ ಮುಚ್ಚಿ. ಹೊಳಪಿಗೆ ಉಗುರುಬಣ್ಣ ಹಚ್ಚಬೇಡಿ. ಅದರಲ್ಲಿರುವ ದ್ರಾವಕ ಕ್ಲೇಯನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ಅದು ಅಂಟಂಟಾಗಿಯೇ ಉಳಿಯುತ್ತದೆ. ನೀರು ಆಧಾರಿತ (ವಾಟರ್ ಬೇಸ್ಡ್) ವಾರ್ನಿಷ್ ಸಾಕು.

ಫೋಮ್ ಕ್ಲೇ: ದೊಡ್ಡದಕ್ಕೆ, ಉಬ್ಬಿದ್ದಕ್ಕೆ

ಮುಟ್ಟಿದರೆ ಮಾರ್ಷ್‌ಮ್ಯಾಲೋ ಹಾಗೆ. ಅದೇ ಅಳತೆಯ ಡೋನಟ್ ಸುಮಾರು 20 ಗ್ರಾಂ ಬರುತ್ತದೆ, ಓವನ್ ಬೇಡ, ಒಂದು ದಿನದಲ್ಲಿ ಹೊರಮೈ ಒಣಗುತ್ತದೆ, ದಪ್ಪ ತುಂಡಿಗೆ ಎರಡು ಮೂರು ದಿನ. ನೆಲಕ್ಕೆ ಬಿದ್ದರೆ ಪುಟಿದು ನಿಲ್ಲುತ್ತದೆ. ಐಸ್‌ಕ್ರೀಮಿನ ಉಂಡೆಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ: ಉಂಡೆಯ ಕೆಳ ಅಂಚನ್ನು ಟೂತ್‌ಪಿಕ್‌ನಿಂದ ಹರಿದು ಎಳೆದರೆ ಚಮಚದಲ್ಲಿ ಕೆರೆದು ತೆಗೆದಂತೆಯೇ ಕಾಣುತ್ತದೆ. ಮ್ಯಾಕರಾನ್ ಎಂಬ ಫ್ರೆಂಚ್ ಬಿಸ್ಕತ್ತಿನ ಕೆಳಗಿನ ನೊರೆಯಂಥ ಅಂಚೂ ಹಾಗೆಯೇ ಸಿಗುತ್ತದೆ. ಕೊರತೆ ಏನೆಂದರೆ ಮೈ ತುಂಬ ನುಣುಪು. ಬೆಂದ ರಂಧ್ರಗಳನ್ನು ಮೂಡಿಸಿದರೂ ಒಣಗುವಷ್ಟರಲ್ಲಿ ಅರ್ಧ ಮುಚ್ಚಿಕೊಳ್ಳುತ್ತವೆ. ಹತ್ತು ನಿಮಿಷ ಬಿಟ್ಟು, ಮೇಲ್ಮೈ ತುಸು ಬಿಗಿದ ಮೇಲೆ ಕುಟ್ಟಿದರೆ ಗುರುತು ನಿಲ್ಲುತ್ತದೆ. ಒಣಗಿದ ಮೇಲೂ ಉಗುರು ಒತ್ತಿದರೆ ಕುಳಿ ಬೀಳುವುದರಿಂದ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ತುಂಬಬಾರದು.

ಕೋಲ್ಡ್ ಪೋರ್ಸಲಿನ್ ಬಗ್ಗೆ ಬಹಳ ಹೇಳುವುದಿಲ್ಲ. 1 ಕಪ್ ಕಾರ್ನ್‌ಫ್ಲೋರ್, 1 ಕಪ್ ಬಿಳಿ ಅಂಟು, ಬೇಬಿ ಆಯಿಲ್ ಮತ್ತು ನಿಂಬೆರಸ ತಲಾ 2 ದೊಡ್ಡ ಚಮಚ. ಸಣ್ಣ ಉರಿಯಲ್ಲಿ ತಿರುವುತ್ತ ಉಂಡೆಗಟ್ಟಿದಾಗ ಇಳಿಸಿ ನಾದುವುದು. ಒಣಗುತ್ತ ಎದ್ದುಕಾಣುವಷ್ಟು ಕುಗ್ಗುತ್ತದೆ. ಒಳಗೆ ಥರ್ಮಾಕೋಲ್ ಇಟ್ಟು ಹೊದಿಸಿದರೆ ಒಳಗಿನದು ಕುಗ್ಗದೆ ಹೊರಗಿನದು ಕುಗ್ಗಿ ಸೀಳುತ್ತದೆ. ಡೋನಟ್ಟಿಗೆ ಬೇಡ. ಕೇಕಿನ ಮೇಲಿನ ತೆಳು ಸಕ್ಕರೆ ಹೂವು, ಎಲೆಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಬಿಳಿ ಅಕ್ರಿಲಿಕ್ ಬಣ್ಣ ಮೊದಲೇ ಬೆರೆಸದಿದ್ದರೆ ಒಣಗಿ ಮೇಣದಂತೆ ಅರೆಪಾರದರ್ಶಕವಾಗುತ್ತದೆ.

ಫೆಲ್ಟ್: ಮಕ್ಕಳು, ಬೆಕ್ಕು ಇರುವ ಮನೆಗೆ

ನಿಜದ ತಿಂಡಿ ಎಂದು ಯಾರೂ ಮೋಸಹೋಗುವುದಿಲ್ಲ, ಆದರೆ ಒಡೆಯುವುದೂ ಇಲ್ಲ. 9 ಸೆಂ.ಮೀ. ವೃತ್ತ ಎರಡು, ನಡುವೆ ಎರಡೂವರೆ ಸೆಂ.ಮೀ. ತೂತು, ಹೊಲಿದು ಹತ್ತಿ ತುಂಬಿದಾಗ 7 ಸೆಂ.ಮೀ. ಸುಮಾರಿಗೆ ನಿಲ್ಲುತ್ತದೆ. ಕ್ರಮ ಮುಖ್ಯ: ಅಲೆಯಂಚಿನ ಐಸಿಂಗ್ ತುಂಡನ್ನೂ ಮಣಿಗಳನ್ನೂ ಮೇಲಿನ ವೃತ್ತಕ್ಕೆ ಮೊದಲೇ ಹೊಲಿಯಿರಿ, ಆಮೇಲೆ ನಡುವಿನ ತೂತಿನ ಸುತ್ತ, ಕೊನೆಗೆ ಹೊರಸುತ್ತು. ಹೊರಸುತ್ತು ಮೊದಲು ಹೊಲಿದರೆ ಒಳತೂತನ್ನು ಹೊಲಿಯುವುದು ಕಷ್ಟ. ಹತ್ತಿಯನ್ನು ಸಣ್ಣ ಸಣ್ಣ ಎಳೆಯಾಗಿ ಬಿಡಿಸಿ ತುಂಬಿ, ಉಂಡೆಯಾಗಿ ತುರುಕಿದರೆ ಗಂಟುಗಂಟಾಗಿ ಕಾಣುತ್ತದೆ.

ಐಸಿಂಗ್ ಮತ್ತು ಉದುರುಕಾಳು (ಸ್ಪ್ರಿಂಕಲ್ಸ್)

ಕಪ್‌ಕೇಕ್ ಮೇಲಿನ ಸುರುಳಿ ಕ್ರೀಮಿಗೆ ಗೋಡೆಯ ಸಂದಿಗೆ ತುಂಬುವ ಅಕ್ರಿಲಿಕ್ ಕಾಲ್ಕ್ ಒಳ್ಳೆಯದು. ನಕ್ಷತ್ರದ ಬಾಯಿಯ ನಾಝಲ್ಲಿನಲ್ಲಿ ಹಿಂಡಿದರೆ ಏಣುಗಳು ಚೂಪಾಗಿ ನಿಲ್ಲುತ್ತವೆ. ಅಕ್ರಿಲಿಕ್ ಬಣ್ಣ ಕೆಲವೇ ಹನಿ ಬೆರೆಸಬಹುದು. ಹೆಚ್ಚಾದರೆ ತೆಳುವಾಗಿ ಏಣು ಕುಸಿಯುತ್ತದೆ. ಸಿಲಿಕೋನ್ ಎಂದು ಬರೆದ ಕೊಳವೆ ತರಬೇಡಿ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಡೋನಟ್ಟಿನ ಮೇಲೆ ಹರಿಯುವ ಐಸಿಂಗಿಗೆ, ಪಾಲಿಮರ್ ಆದರೆ ದ್ರವ ಕ್ಲೇಗೆ ಪಾಸ್ಟೆಲ್ ಪುಡಿ ಬೆರೆಸಿ ಸುರಿದು ಮತ್ತೆ ಬೇಯಿಸಿ. ಬಿಸಿ ಅಂಟಿನ ಗನ್ನಿನಿಂದ ಚಾಕಲೇಟ್ ಹನಿ ಬೇಗ ಬರುತ್ತದೆ ನಿಜ, ಆದರೆ ಬಿಸಿಯಾಗುವ ಹಳೆಯ ಬಲ್ಬಿನ ಪಕ್ಕ ಅದು ಜಾರುತ್ತದೆ.

ಉದುರುಕಾಳಿಗೆ ನಿಜವಾದ ಸಕ್ಕರೆಯದನ್ನು ಹಾಕಿದರೆ ಹಸಿ ಅಂಟಿನಲ್ಲಿ ಬಣ್ಣ ಕದಡುತ್ತದೆ, ಇರುವೆಯೂ ಬರುತ್ತದೆ. 2 ಮಿ.ಮೀ. ಗಾಜಿನ ಮಣಿ, ಇಲ್ಲವೇ 1 ಮಿ.ಮೀ. ದಪ್ಪದ ಪಾಲಿಮರ್ ಎಳೆಗಳನ್ನು ಬೇಯಿಸಿ ತುಂಡರಿಸಿದ್ದು ಸರಿ. ನಿಜವಾದ ಬಿಸ್ಕತ್ತಿಗೇ ವಾರ್ನಿಷ್ ಹಚ್ಚುವುದೂ ಬೇಡ: ಒಳಗಿನ ಬೆಣ್ಣೆ ಕಮಟುತ್ತದೆ. 1605ರ ಸ್ಟ್ರಾಸ್‌ಬರ್ಗ್‌ನ ಬರಹವೊಂದರಲ್ಲಿ ಸೇಬು, ಮಿಠಾಯಿ ತೂಗಿದ ಕ್ರಿಸ್‌ಮಸ್ ಮರದ ಮಾತು ಬರುತ್ತದೆ, ಆದರೆ ಅಂಥ ತಿನಿಸನ್ನು ಪೆಟ್ಟಿಗೆಯಲ್ಲಿಟ್ಟು ಮುಂದಿನ ವರ್ಷಕ್ಕೆ ಉಳಿಸಲಾಗದು.

ತೂಗುಹಾಕುವಾಗ

ಮುಂದಿನಿಂದ ಹಿಂದಕ್ಕೆ ತೂತಿರುವ ಚಪ್ಪಟೆ ಗೊಂಬೆಗೆ ನೇರವಾಗಿ ದಾರ ಕಟ್ಟಿದರೆ ಅದು ಪಕ್ಕಕ್ಕೆ ತಿರುಗಿ ನಿಲ್ಲುತ್ತದೆ. ತೂತಿಗೆ ಸಣ್ಣ ತಂತಿಯ ಬಳೆ ಹಾಕಿ, ಬಳೆಗೆ ದಾರ ಕಟ್ಟಿ. ಮುಖ ಎದುರಿಗೆ ಬರುತ್ತದೆ. ಕಪ್‌ಕೇಕಿನ ಕೊಕ್ಕೆಯನ್ನು ಮೇಲಿನ ಚೆರ್ರಿಗೆ ಮಾತ್ರ ಚುಚ್ಚಿದರೆ ಚೆರ್ರಿ ಕೈಗೆ, ಕೇಕು ನೆಲಕ್ಕೆ. ತಂತಿ ತಳದವರೆಗೂ ಇಳಿದು ಅಲ್ಲಿ ಮಡಚಿರಬೇಕು.

40 ಗ್ರಾಂ ದಾಟಿದ್ದನ್ನು ಕಾಂಡದ ಹತ್ತಿರ, ಫೋಮ್ ಕ್ಲೇಯದನ್ನು ಕೊಂಬೆಯ ತುದಿಗೆ, ಫೆಲ್ಟಿನದನ್ನು ಮಕ್ಕಳ ಕೈಗೆಟಕುವ ಕೆಳಸಾಲಿಗೆ ಹಾಕಿ. ಕಡುಹಸಿರು ಮರದಲ್ಲಿ ಕಂದು ತಿಂಡಿ ಎರಡು ಹೆಜ್ಜೆ ದೂರದಿಂದಲೇ ಮಾಯವಾಗುತ್ತದೆ. ಜಿಂಜರ್‌ಬ್ರೆಡ್ಡಿನ ಸುತ್ತ 2 ಮಿ.ಮೀ. ಬಿಳಿ ಗೆರೆ ಬೇಕಾಗುವುದು ಇದಕ್ಕೇ. ಹೊಳಪಿನ ಐಸಿಂಗ್ ಇರುವುದರ ಮೇಲೆ ಮುಂದುಗಡೆ ಒಂದು ಎಲ್‌ಇಡಿ ದೀಪ ಬರುವಂತೆ ನೋಡಿಕೊಂಡರೆ ಐಸಿಂಗ್ ಹಸಿಯಾಗಿರುವಂತೆ ಹೊಳೆಯುತ್ತದೆ. ಮರದಲ್ಲಿ ಜಾಗವಿಲ್ಲದಿದ್ದರೆ ಮೂರು ಅಂತಸ್ತಿನ ಕೇಕ್ ತಟ್ಟೆಯೂ ಚೆನ್ನ, ಆದರೆ ಆ ತಟ್ಟೆಯಲ್ಲಿ ತಿನ್ನುವ ತಿಂಡಿ ಒಂದೂ ಇರಬಾರದು. ಮಗು ಯಾವುದನ್ನು ಕಚ್ಚುತ್ತದೋ ಹೇಳಲಾಗದು.

ಹಬ್ಬ ಮುಗಿದ ಮೇಲೆ ವಾರ್ನಿಷ್ ಹಚ್ಚಿದ್ದನ್ನು ಒಂದೊಂದಾಗಿ ಬೆಣ್ಣೆಕಾಗದದಲ್ಲಿ ಸುತ್ತಿ, ಉಪ್ಪುಹಿಟ್ಟಿನದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆಯಾಗಿಯೇ ಎತ್ತಿಡಿ.