ಗುಲ್ಮಾರ್ಗಾ, ಔಲಿಯಾ? ಎರಡೂ ಕಡೆ ಬಿದ್ದು ಎದ್ದು ಬಂದವಳ ಮಾತು

ಹಿಮದಲ್ಲಿ ಸ್ಕೀ ಮಾಡೋಕೆ ಹೊರಟಿದ್ದೀವಿ ಅಂದಾಗ ನಮ್ಮತ್ತೆ ಕೇಳಿದ್ದು ಒಂದೇ ಮಾತು: "ಮೂಡಿಗೆರೆ ಚಳಿ ಸಾಲದಾ ನಿಮಗೆ?" ಸಾಲಲಿಲ್ಲ. 2024ರಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ, ಮರುವರ್ಷ ಉತ್ತರಾಖಂಡದ ಔಲಿಗೆ ಹೋಗಿ ಬಂದೆವು. ಈಗ ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಪಕ್ಕದವರು ಯಾವುದು ಚೆನ್ನಾಗಿದೆ ಅಂತ ಕೇಳುತ್ತಾರೆ. ಹಿಮ ನೋಡಬೇಕಾದರೆ ಗುಲ್ಮಾರ್ಗ್, ಸ್ಕೀ ಕಲಿಯಬೇಕಾದರೆ ಔಲಿ ಅಂತ ಹೇಳಿ ಪಾಯಸಕ್ಕೆ ಕೈ ಹಾಕುತ್ತೇನೆ. ಅಲ್ಲಿ ಅಷ್ಟು ಸಾಕು. ಇಲ್ಲಿ ಪೂರ್ತಿ ಹೇಳುತ್ತೇನೆ.

ನಮ್ಮ ಹಾಗೆ ಕಾಫಿ ತೋಟ ಇರುವವರಿಗೆ ಮೊದಲ ತಲೆನೋವು ಯಾವಾಗ ಹೋಗೋದು ಅನ್ನೋದೇ. ಹಿಮ ಇರೋದು ಜನವರಿ, ಫೆಬ್ರವರಿಯಲ್ಲಿ. ನಮಗೆ ರೋಬಸ್ಟಾ ಕೊಯ್ಲು, ಮೆಣಸು, ಹೂವಿಗೆ ಸ್ಪ್ರಿಂಕ್ಲರ್ ಎಲ್ಲಾ ಬಂದು ಬೀಳುವುದೂ ಆಗಲೇ. ಹೇಗೋ ಮಾಡಿ 2024ರ ಜನವರಿಗೆ ಟಿಕೆಟ್ ಮಾಡಿಸಿದ್ದೆವು. ಟಿವಿ ಹಾಕಿದರೆ ಗುಲ್ಮಾರ್ಗ್ ಬೇಸಿಗೆಯಲ್ಲಿ ನಮ್ಮೂರಿನ ದನ ಮೇಯುವ ಬಯಲಿನ ಹಾಗೆ ಒಣಗಿ ಕೂತಿತ್ತು. ಆ ವರ್ಷ ಜನವರಿ ಕೊನೆಯವರೆಗೂ ಅಲ್ಲಿ ಸರಿಯಾಗಿ ಹಿಮವೇ ಬೀಳಲಿಲ್ಲ. ದಂಡ ಕಟ್ಟಿ ಟಿಕೆಟನ್ನು ಫೆಬ್ರವರಿ ಕೊನೆಗೆ ಹಾಕಿಸಿದೆವು. ಹೋಗುವಷ್ಟರಲ್ಲಿ ಮೊಣಕಾಲುದ್ದ ಹಿಮ! ಅದಕ್ಕೇ ಹೇಳೋದು, ಎಲ್ಲಿಗೇ ಹೋಗಿ, ದಿನಾಂಕ ಬದಲಾಯಿಸೋಕೆ ಆಗದ ಟಿಕೆಟ್ ಮಾತ್ರ ತಗೋಬೇಡಿ.

ದಾರಿಯ ವಿಷಯಕ್ಕೆ ಬಂದರೆ ಗುಲ್ಮಾರ್ಗ್ ಗೆದ್ದ ಹಾಗೇ. ಶ್ರೀನಗರದಲ್ಲಿ ವಿಮಾನ ಇಳಿದರೆ ಐವತ್ತು ಚಿಲ್ಲರೆ ಕಿಲೋಮೀಟರ್. ಕೊನೆಯ 13 ಕಿಲೋಮೀಟರ್ ತಂಗ್‌ಮಾರ್ಗ್‌ನಿಂದ ಮೇಲಕ್ಕೆ, ಹಿಮ ಜಾಸ್ತಿ ಇದ್ದರೆ ಚಕ್ರಕ್ಕೆ ಚೈನ್ ಕಟ್ಟಿದ ಗಾಡಿಗೆ ಬದಲಾಯಿಸಬೇಕು. ಔಲಿಗೆ ಡೆಹ್ರಾಡೂನ್‌ನಲ್ಲಿ ಇಳಿದು, ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರ್ ಬೆಟ್ಟದ ರಸ್ತೆ. ಚಾರ್ಮಾಡಿಯಲ್ಲಿ ಓಡಾಡುವ ನಮಗೆ ಇದ್ಯಾವ ಲೆಕ್ಕ ಅಂತ ಕೂತಿದ್ದೆ. ಚಾರ್ಮಾಡಿ ಒಂದು ಗಂಟೆಗೆ ಮುಗಿಯುತ್ತೆ, ಇದು ಬೆಳಿಗ್ಗೆಯಿಂದ ಕತ್ತಲಾಗುವವರೆಗೂ ಮುಗಿಯುವುದಿಲ್ಲ. ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ ಅಂತ ಒಂದೊಂದು ಪ್ರಯಾಗಕ್ಕೂ ಮಗಳು ಒಂದೊಂದು ಸಲ ವಾಂತಿ ಮಾಡಿಕೊಂಡಳು. ಜೋಶಿಮಠದಲ್ಲೂ ನಮ್ಮ ಶೃಂಗೇರಿಯ ಹಾಗೆ ಶಂಕರಾಚಾರ್ಯರ ಪೀಠ ಇದೆ, ಅಲ್ಲಿ ಒಂದು ರಾತ್ರಿ ಉಳಿದು ಸುಧಾರಿಸಿಕೊಂಡೆವು. ಅಲ್ಲಿಂದ ಔಲಿಗೆ ರೋಪ್‌ವೇ ಇತ್ತು, ಆದರೆ 2023ರ ಜನವರಿಯಲ್ಲಿ ಊರಿನ ನೆಲ ಕುಸಿದು ಮನೆಗಳು ಬಿರುಕು ಬಿಟ್ಟಾಗ ನಿಲ್ಲಿಸಿದರು. ಹಾಗಾಗಿ ನಾವೂ ಜೀಪಿನಲ್ಲೇ ಹತ್ತಿದೆವು.

ಈಗ ಹಿಮ. ಗುಲ್ಮಾರ್ಗ್ ಹಿಮ ಅಂದರೆ ಅಕ್ಕಿಹಿಟ್ಟು. ಮಗಳು ಉಂಡೆ ಕಟ್ಟಿ ಅಪ್ಪನಿಗೆ ಹೊಡೆಯಬೇಕು ಅಂತ ಎಷ್ಟು ಒತ್ತಿದರೂ ಕೈ ಬಿಟ್ಟ ಕೂಡಲೇ ಪುಡಿಪುಡಿ, ನೀರಿನ ಪಸೆಯೇ ಇಲ್ಲ. ಬಿದ್ದರೆ ನೋವಾಗುವುದಿಲ್ಲ, ಆದರೆ ಏಳೋಕೂ ಆಗುವುದಿಲ್ಲ, ಊರಿದ ಕೈ ಮೊಣಕೈವರೆಗೂ ಒಳಗೆ ಹೋಗುತ್ತೆ. ನಾವು ಹೋದಾಗ ಔಲಿಯಲ್ಲಿ ಹಿಮ ತೆಳುವಾಗಿತ್ತು, ಅಂಚುಗಳಲ್ಲಿ ಹುಲ್ಲು ಇಣುಕುತ್ತಿತ್ತು. ಬೆಳಿಗ್ಗೆ ಕಲ್ಲುಪ್ಪಿನ ಹರಳಿನ ಹಾಗೆ ಗಟ್ಟಿ, ಮಧ್ಯಾಹ್ನಕ್ಕೆ ದೋಸೆ ಹಿಟ್ಟು. ಹಿಮ ಸಾಲದಿದ್ದಾಗ ಮಾಡಿಕೊಳ್ಳೋಕೆ ಅಲ್ಲಿ ಯಂತ್ರಗಳೂ, ಅದಕ್ಕೆ ನೀರು ಕೊಡೋಕೆ ಒಂದು ಕೃತಕ ಕೆರೆಯೂ ಇವೆ. ಅದನ್ನು ನೋಡಿದಾಗಲೇ ಅರ್ಥವಾಗಬೇಕಿತ್ತು, ಅಲ್ಲಿ ಹಿಮವನ್ನು ನಂಬೋ ಹಾಗಿಲ್ಲ ಅಂತ.

ಗುಲ್ಮಾರ್ಗ್ ಗೊಂಡೋಲಾ, ಅಂದರೆ ಬೆಟ್ಟ ಹತ್ತಿಸುವ ಕೇಬಲ್ ಕಾರ್, ಮಾತ್ರ ಬಿಡಲೇಬೇಡಿ. ಊರು ಇರುವುದು 2,650 ಮೀಟರ್ ಎತ್ತರದಲ್ಲಿ. ಮೊದಲ ಹಂತ ಕೊಂಗ್‌ಡೂರಿವರೆಗೆ, ಎರಡನೆಯದು ಅಫರ್ವಟ್ ಬೆಟ್ಟದ ಮೇಲೆ 3,900 ಮೀಟರ್ ದಾಟುತ್ತೆ. ಎರಡು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟ ಹಾಗೆ! ಮೇಲೆ ಇಳಿದ ಹತ್ತು ನಿಮಿಷಕ್ಕೆ ನಮ್ಮೆಜಮಾನ್ರಿಗೆ ತಲೆ ಸಿಡಿಯೋಕೆ ಶುರುವಾಯಿತು. ಆದರೆ ಅವರ ಸಂಕಟ ಬೇರೆಯೇ ಇತ್ತು. ಬೇರೆ ರಾಜ್ಯದ ಪ್ರಿಪೇಯ್ಡ್ ಸಿಮ್ ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಸ್ಪ್ರಿಂಕ್ಲರ್ ಹಾಕಿದ್ರಾ ಇಲ್ವಾ ಅಂತ ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳೋಕೆ ಆ ಬೆಟ್ಟದ ತುದಿಯಲ್ಲಿ ನಿಂತು ಕಂಡಕಂಡವರ ಫೋನ್ ಕೇಳುತ್ತಿದ್ದರು.

ಆದರೆ ಸ್ಕೀ ಕಲಿತೆವಾ? ಇಲ್ಲ. ತಂಗ್‌ಮಾರ್ಗ್‌ನಲ್ಲಿ ಗಾಡಿ ನಿಲ್ಲುವುದಕ್ಕೆ ಮುಂಚೆಯೇ ಕೋಟು ಬಾಡಿಗೆಯವರು, ಬೂಟು ಬಾಡಿಗೆಯವರು, ಸ್ಲೆಡ್ಜ್ ಎಳೆಯುವವರು ಮುತ್ತಿಕೊಂಡರು. ಚೌಕಾಸಿ ಮಾಡಿದರೆ ಹೇಳಿದ ರೇಟಿನ ಅರ್ಧಕ್ಕೆ ಇಳಿಯುತ್ತಾರೆ, ಇಳಿದ ಮೇಲೆ ಇನ್ನೂ ಇಳಿಯುತ್ತಿದ್ದರೇನೋ ಅಂತ ನಮಗೇ ನಿದ್ದೆ ಬರುವುದಿಲ್ಲ. ಒಬ್ಬ ಗೈಡ್ ಎರಡು ಗಂಟೆ ಕಲಿಸುತ್ತೇನೆ ಅಂತ ದುಡ್ಡು ತಗೊಂಡು, ಇಪ್ಪತ್ತು ನಿಮಿಷ ನನ್ನ ಕೈ ಹಿಡಿದು ಎಳೆದಾಡಿ, ಫೋಟೋ ತೆಗೆದು, ಬೇರೆ ಗಿರಾಕಿ ಹಿಂದೆ ಹೋದ. ಎಲ್ಲರೂ ಹಾಗಲ್ಲ, ಅಲ್ಲಿ ಸರಿಯಾಗಿ ಕೋರ್ಸ್ ಮಾಡಿಸುವ ಸರ್ಕಾರಿ ಸಂಸ್ಥೆಯೂ ಇದೆ. ಮೂರು ದಿನಕ್ಕೆ ಅಂತ ಹೋದದ್ದು ನಮ್ಮದೇ ತಪ್ಪು.

ಔಲಿಯಲ್ಲಿ ಗಢವಾಲ್ ಮಂಡಲ್ ವಿಕಾಸ್ ನಿಗಮ ಅನ್ನೋ ಸರ್ಕಾರಿ ಸಂಸ್ಥೆಯವರು ಏಳು ದಿನದ್ದು, ಹದಿನಾಲ್ಕು ದಿನದ್ದು ಅಂತ ಕೋರ್ಸ್ ನಡೆಸುತ್ತಾರೆ. ನಾನೂ ಮಗಳೂ ಏಳು ದಿನದ್ದಕ್ಕೆ ಸೇರಿದೆವು. ಮೊದಲ ದಿನ ಪೂರ್ತಿ ಬೂಟಿನ ಜೊತೆ ಕುಸ್ತಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಾಲಿಟ್ಟು ಬಕಲ್ ಬಿಗಿದ ಹಾಗೆ, ಕಣಕಾಲು ಬಗ್ಗುವುದೇ ಇಲ್ಲ. ಎರಡನೇ ದಿನ ಸ್ನೋ ಪ್ಲೋ, ಅಂದರೆ ಬೂಟಿಗೆ ಸಿಕ್ಕಿಸಿದ ಉದ್ದ ಪಟ್ಟಿಗಳಾದ ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟು ಬ್ರೇಕ್ ಹಾಕುವುದು. ಹಾಕಿದೆ ಅಂದುಕೊಂಡೆ, ಎರಡು ತುದಿ ಒಂದರ ಮೇಲೊಂದು ಹತ್ತಿ ಮುಖ ಮುಂದಾಗಿ ಹೋದೆ. "ದೀದಿ, ಕಾಲು ನೋಡಬೇಡಿ, ಹೋಗೋ ಕಡೆ ನೋಡಿ" ಅಂತ ನಮಗೆ ಕಲಿಸುತ್ತಿದ್ದ ಗಢವಾಲಿ ಹುಡುಗ ದಿನಕ್ಕೆ ನೂರು ಸಲ ಹೇಳಿದ, ಒಂದು ಸಲವೂ ಸಿಡುಕಲಿಲ್ಲ. ಐದನೇ ದಿನ ತಲೆ ಎತ್ತಿ ನೋಡಿಕೊಂಡು ಇಳಿದೆ. ಎದುರಿಗೆ ನಂದಾದೇವಿ. ಕೆಳಗೆ ಬಂದು ನಿಂತೆ, ಬೀಳದೆ! ಸ್ಕೂಟಿ ಕಲಿತಾಗಲೂ ಇಷ್ಟು ಖುಷಿಯಾಗಿರಲಿಲ್ಲ. ಮಗಳು ಮೂರನೇ ದಿನಕ್ಕೇ ತಿರುಗಿಸೋಕೆ ಕಲಿತಿದ್ದಳು, ಅದು ಬಿಡಿ.

ಊಟ ತಿಂಡಿ, ಉಳಿಯೋದು ಎಲ್ಲಾ ಗುಲ್ಮಾರ್ಗ್‌ನಲ್ಲೇ ಚೆಂದ. ಯಜಮಾನ್ರು ರೋಗನ್ ಜೋಶ್ ಅನ್ನೋ ಕುರಿಮಾಂಸದ ಸಾರು ಬಿಟ್ಟು ಏಳಲೇ ಇಲ್ಲ, ಗುಲಾಬಿ ಬಣ್ಣದ ಉಪ್ಪು ಟೀ ಮಾತ್ರ ಮಗಳು ಬಾಯಿಗಿಟ್ಟು ಹಾಗೇ ಉಗಿದಳು. ಔಲಿಯಲ್ಲಿ ದಾಲ್, ರೋಟಿ, ಮ್ಯಾಗಿ. ನಾವಿದ್ದ ಲಾಡ್ಜ್‌ನಲ್ಲಿ ನಲ್ಲಿ ನೀರು ಹೆಪ್ಪುಗಟ್ಟಿ ದಿನಕ್ಕೆ ಆಳಿಗೊಂದು ಬಕೆಟ್ ಬಿಸಿನೀರು, ಅದಕ್ಕೂ ಜಗಳ. ಎರಡೂ ಕಡೆ ಕುಡಿಯುವಂಥ ಕಾಫಿ ನಮಗೆ ಸಿಗಲಿಲ್ಲ. ಎರಡನೇ ಸಲ ನಮ್ಮ ತೋಟದ್ದೇ ಪುಡಿ, ಫಿಲ್ಟರ್ ಒಯ್ದಿದ್ದೆ, ಆ ಸ್ಕೀ ಹುಡುಗನೂ ಸಂಜೆ ಲೋಟ ಹಿಡಿದು ಬರೋಕೆ ಶುರುಮಾಡಿದ. ಕೊಬ್ಬರಿ ಎಣ್ಣೆ ಒಯ್ಯಬೇಡಿ, ಕಲ್ಲಾಗಿ ಬಾಟಲಿಯಿಂದ ಬರುವುದೇ ಇಲ್ಲ. ತುಟಿ ಒಡೆಯದ ಹಾಗೆ ತುಪ್ಪ ಹಚ್ಚಿ.

ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ, ರಜೆ ಐದೇ ದಿನ ಇದ್ದರೆ ಎರಡು ಮಾತಿಲ್ಲ, ಗುಲ್ಮಾರ್ಗ್‌ಗೆ ಹೋಗಿ. ಗೊಂಡೋಲಾ ಟಿಕೆಟ್ ಮಾತ್ರ ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಮಾಡಿಸಿ. ನಾನಂತೂ ಮತ್ತೆ ಔಲಿಗೇ, ಈ ಸಲ ಹದಿನಾಲ್ಕು ದಿನಕ್ಕೆ. ಯಜಮಾನ್ರು ಬರುವುದಿಲ್ಲವಂತೆ, ಮೆಣಸು ಕೊಯ್ಯೋರು ಯಾರು ಅನ್ನುತ್ತಾರೆ. ಅತ್ತೆ ಕೇಳುತ್ತಿದ್ದಾರೆ, ಆ ಬೂಟು ಅವರ ಕಾಲಿಗೂ ಸಿಗುತ್ತಾ ಅಂತ.