ಐದು ಬೇಸಿಗೆ ದಾಟಿದ ನಮ್ಮನೆ ಬಟನ್‌ಗಳು

2021ರ ಫೆಬ್ರವರಿಯಲ್ಲಿ ಮನೆಯ ಹಳೆ ಬೋರ್ಡುಗಳನ್ನೆಲ್ಲ ಕಿತ್ತು, ಪ್ಲೇಟಿನಲ್ಲಿ ಒಂದೊಂದಾಗಿ ಕೂರಿಸುವ ಮಾಡ್ಯುಲರ್ ಸ್ವಿಚ್ ಹಾಕಿಸಿದೆ. ಕಲಬುರಗಿಯ ನಮ್ಮ ಓಣಿಯಲ್ಲಿ ಇವಕ್ಕೆ ಬಟನ್ ಅಂತಲೇ ಅನ್ನೋದು, ನಾನೂ ಹಾಗೇ ಬರೆಯುತ್ತೇನೆ. ಒಟ್ಟು 38 ಬಟನ್, ಅದರಲ್ಲಿ ದೊಡ್ಡ ಲೋಡು ತಾಳುವ 16 ಆಂಪ್ಸಿನವು ನಾಲ್ಕೇ. ಐದು ಬೇಸಿಗೆಯಲ್ಲಿ ಎರಡು ಸುಟ್ಟವು. ಒಂದು ಹಾಕಿದವರ ತಪ್ಪಿಗೆ, ಇನ್ನೊಂದು ನಮ್ಮ ತಪ್ಪಿಗೆ. ಅದಕ್ಕೇ ಕಂಪನಿ ಹೆಸರು ಬರೆಯೋದಿಲ್ಲ.

ಸೂಪರ್ ಮಾರ್ಕೆಟ್ ಕಡೆ ಅಂಗಡಿಯಲ್ಲಿ ಕೊಂಡಿದ್ದು. ಅಂಗಡಿಯವರು ಹೊಳೆಯುವ ಪ್ಲೇಟನ್ನೇ ತೋರಿಸುತ್ತಾರೆ. ನೀವು ಬಟನ್ ತಿರುಗಿಸಿ ಬೆನ್ನು ನೋಡಿ. ಐಎಸ್‌ಐ ಗುರುತು, ಜೊತೆಗೆ ಐಎಸ್ 3854 ಅನ್ನೋ ನಂಬರ್ ಇರಬೇಕು. ಮನೆ ಬಳಕೆಯ ಸ್ವಿಚ್ಚಿಗೆ ಇರುವ ಭಾರತೀಯ ಮಾನದಂಡ ಅದು. ಸಾಕೆಟ್ಟಿಗಾದರೆ ಐಎಸ್ 1293.

ಮೊದಲ ಬಟನ್ ಹೋದದ್ದು 2022ರ ಮೇ ತಿಂಗಳಲ್ಲಿ. ಮಧ್ಯಾಹ್ನ, ಹೊರಗೆ 42 ಡಿಗ್ರಿ. ಒಂದೇ ಬೋರ್ಡಿನ ಮೇಲೆ ಕೂಲರ್, ಫ್ರಿಜ್ಜು, ಫ್ಯಾನು ನಡೆದಿತ್ತು, ನಾನು ಇಸ್ತ್ರಿ ಬೇರೆ ಹಚ್ಚಿದ್ದೆ. ಅವ್ವ ಒಳಗಿಂದ ಕೂಗಿದಳು: “ಏ ತಮ್ಮಾ, ಯಾರ ಮನ್ಯಾಗ ಮೀನ ಸುಡ್ಲತ್ತಾರೋ?” ನಮ್ಮನೆಯಲ್ಲಿ ಮೀನು ಮಾಡೋದೇ ಇಲ್ಲ. ವಾಸನೆ ಬರುತ್ತಿದ್ದದ್ದು ಬೋರ್ಡಿನಿಂದ. ಸ್ವಿಚ್ಚಿನ ಪ್ಲಾಸ್ಟಿಕ್ ಬೆಂದರೆ ಕೆಲವೊಮ್ಮೆ ಹೀಗೇ ಮೀನಿನ ನಾತ ಬರುತ್ತದಂತೆ, ಆಮೇಲೆ ತಿಳೀತು.

ಪ್ಲೇಟು ಬಿಚ್ಚಿದಾಗ ತಾಮ್ರದ ತುದಿ ಕಪ್ಪಾಗಿತ್ತು, ಮೇಲಿನ ಇನ್ಸುಲೇಷನ್ ಒಂದಿಂಚು ಗಟ್ಟಿಯಾಗಿ ಬಿರಿದಿತ್ತು. ಕರೆಸಿದ ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಹಚ್ಚಿದ. ಸ್ಕ್ರೂ ಒಂದೂವರೆ ಸುತ್ತು ತಿರುಗಿತು! “ಬಟನ್‌ದು ತಪ್ಪಲ್ರಿ ಅಣ್ಣಾ, ಸ್ಕ್ರೂನೇ ಲೂಸ್ ಅದ.” ಬೋರ್ಡಿನಲ್ಲಿ ಫೇಸ್ ವೈರನ್ನು, ಅಂದರೆ ಕರೆಂಟು ಬರುವ ವೈರನ್ನು, ಒಂದು ಬಟನ್‌ನಿಂದ ಇನ್ನೊಂದಕ್ಕೆ ಲೂಪ್ ಹೊಡೆದಿರುತ್ತಾರೆ. ಮೊದಲನೇ ಸ್ಕ್ರೂ ಸಡಿಲಾದರೆ ಇಡೀ ಬೋರ್ಡಿನ ಲೋಡು ಆ ಸಡಿಲು ಜಾಗದಲ್ಲೇ ಹಾಯಬೇಕು. ಜೊತೆಗೆ, ಮೊದಲು ಹಾಕಿದ ಪುಣ್ಯಾತ್ಮ ವೈರನ್ನು ಹಲ್ಲಿನಿಂದ ಸುಲಿದಿದ್ದ, ನಾಲ್ಕೈದು ಎಳೆ ಅಲ್ಲೇ ಕಡಿದಿದ್ದವು. ಈ ಹುಡುಗ ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಹುರಿ ಮಾಡಿ, ಮಡಚಿ ಒಳಗೆ ತೂರಿಸಿದ. ಸ್ಕ್ರೂ ಬಿಗಿದ ಮೇಲೆ ವೈರನ್ನು ಒಮ್ಮೆ ಜಗ್ಗಿ ನೋಡಿದ. ಆ ಜಗ್ಗೋದು ಇದೆಯಲ್ಲ, ಅದನ್ನು ಮಾಡುವವರು ಕಡಿಮೆ.

ತಾನೇ ಬಿದ್ದು ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಯಾಕೆ ಬೀಳಲಿಲ್ಲ ಅಂತ ನನಗೂ ಅನಿಸಿತ್ತು. ಕರೆಂಟು ಮಿತಿ ಮೀರಿದರೆ ಮಾತ್ರ ಅದು ಬೀಳೋದು. ಸಡಿಲು ಸ್ಕ್ರೂನಲ್ಲಿ ಹಾಯುವ ಕರೆಂಟು ಎಂದಿನಷ್ಟೇ, ಶಾಖ ಮಾತ್ರ ಒಂದೇ ಚುಕ್ಕೆಯಲ್ಲಿ. ಅಂಥದ್ದನ್ನು ಹಿಡಿಯೋಕೆ ಮೂಗೇ ಬೇಕು.

ಎರಡನೆಯದು ಡಿಸೆಂಬರ್ ಚಳಿಯದು. ನೀರು ಕಾಯಿಸುವ 1500 ವ್ಯಾಟಿನ ಕಾಯಿಲ್‌ಗೆ ದೊಡ್ಡ ಪಿನ್ನು. ಬಚ್ಚಲ ಹತ್ತಿರ ಇದ್ದದ್ದು 6 ಆಂಪ್ಸಿನ ಸಾಕೆಟ್ಟು. ನಡುವೆ ಕನ್ವರ್ಟರ್ ಪ್ಲಗ್ ಸಿಗಿಸಿದೆ. 1500ನ್ನು 230 ವೋಲ್ಟಿನಿಂದ ಭಾಗಿಸಿದರೆ ಆರೂವರೆ ಆಂಪ್ಸ್. ಸ್ವಲ್ಪವೇ ಜಾಸ್ತಿ ಅಲ್ವಾ ಅಂತ ಸುಮ್ನೆ ಬಿಟ್ಟೆ. ದಿನಾ ಅರ್ಧ ಗಂಟೆ, ಒಂದೂವರೆ ತಿಂಗಳು. ಬಟನ್ ಒತ್ತಿದರೆ ಟಕ್ ಅನ್ನೋದು ನಿಂತು ಮೆತ್ತಗಾಯಿತು. ಈಗ ಅಲ್ಲಿ 16 ಆಂಪ್ಸಿನ ಬಟನ್ನು, ಸಾಕೆಟ್ಟು. ಬಟನ್ ಬದಲಿಸಿದರಷ್ಟೇ ಸಾಲದು, 4 ಚದರ ಮಿಮೀ ವೈರನ್ನೂ ಮೇನ್‌ನಿಂದ ಹೊಸದಾಗಿ ಎಳೆಸಿದೆ.

ಬಟನ್ ಹಾಕಿಸಿದ ಹೊಸದರಲ್ಲಿ ಇನ್ನೊಂದು ಕಾಟ ಇತ್ತು. ಬಟನ್ ಆಫ್ ಇದ್ದರೂ ಬೆಡ್‌ರೂಮಿನ ಎಲ್‌ಇಡಿ ಬಲ್ಬು ರಾತ್ರಿಯೆಲ್ಲ ಮಿಣಮಿಣ. ಕೆಂಪು ಇಂಡಿಕೇಟರ್ ಇರುವ ಬಟನ್ ಆದರೆ ಹಾಗಾಗಬಹುದು. ನಮ್ಮದು ಸಾದಾ. ನೋಡಿದರೆ ಫೇಸ್ ಬದಲು, ಕರೆಂಟು ವಾಪಸ್ ಹೋಗುವ ನ್ಯೂಟ್ರಲ್ ವೈರನ್ನು ಬಟನ್‌ಗೆ ಕೊಟ್ಟಿದ್ದರು. ಹಾಗೆ ಕೊಟ್ಟರೆ ಬಟನ್ ಆಫ್ ಇದ್ದರೂ ಹೋಲ್ಡರಿನಲ್ಲಿ ಕರೆಂಟು ಹಾಗೇ ಇರುತ್ತದೆ. ಬಲ್ಬು ಬದಲಿಸಲು ಸ್ಟೂಲ್ ಹತ್ತಿದವರ ಗತಿ? ಅವತ್ತೇ ಎಲ್ಲ ಪಾಯಿಂಟುಗಳನ್ನೂ ಚೆಕ್ ಮಾಡಿಸಿದೆ, ಇನ್ನೆರಡು ಹಾಗೇ ಸಿಕ್ಕವು.

ತಗಡಿನ ಕೂಲರಿನದು ಬೇರೆಯೇ ಕಥೆ. ಅದರ ಮೇಲಿನ ಪಂಪು, ಫ್ಯಾನಿನ ಸಣ್ಣ ಬಟನ್‌ಗಳಿಗೆ ನೀರಿನ ತುಂತುರು ತಾಗುತ್ತಲೇ ಇರುತ್ತದೆ. ನಾವು ಅವನ್ನು ಆನ್ ಮಾಡಿಯೇ ಬಿಟ್ಟು ಗೋಡೆ ಬಟನ್‌ನಿಂದಲೇ ನಡೆಸುತ್ತೇವೆ. ನೀರು ತುಂಬುವಾಗ ಪ್ಲಗ್ ಕೀಳಲೇಬೇಕು. ಮೂರು ಪಿನ್ನಿನ ಪ್ಲಗ್ಗೇ ಬೇಕು, ಅರ್ಥಿಂಗ್ ಸರಿ ಇರಬೇಕು. ಬೇಸಿಗೆಯಲ್ಲಿ ನಮ್ಮ ಕರಿಮಣ್ಣು ಒಣಗಿ ಬಾಯಿ ಬಿಡುತ್ತದೆ, ಅರ್ಥಿಂಗ್ ಕೆಲಸ ಮಾಡೋದೇ ಕಡಿಮೆಯಾಗುತ್ತದೆ. ವಾರಕ್ಕೊಮ್ಮೆ ನೆಲದಲ್ಲಿರುವ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕುತ್ತೇನೆ. ಕರೆಂಟು ಸೋರಿದರೆ ತಟ್ಟನೆ ಲೈನು ಕಡಿಯುವ 30 ಮಿಲಿ ಆಂಪ್ಸಿನ ಆರ್‌ಸಿಸಿಬಿಯನ್ನೂ 2023ರಲ್ಲಿ ಹಾಕಿಸಿದೆ. ಮುಂದಿನ ಬೇಸಿಗೆಯಲ್ಲಿ ಒಮ್ಮೆ ಬಿತ್ತು, ಕೂಲರ್ ಪಂಪಿನ ವೈರು ಸುಲಿದಿತ್ತು.

ಉಳಿದ 36 ಬಟನ್ ಗಟ್ಟಿಯಾಗಿವೆ. ಅಡುಗೆಮನೆಯವು ಹಳದಿಯಾಗಿವೆ, ಅಷ್ಟೇ. ಪ್ರತಿ ವರ್ಷ ಯುಗಾದಿಗೆ ಮುಂಚೆ ಅದೇ ಹುಡುಗನನ್ನು ಕರೆಸಿ ಸ್ಕ್ರೂ ಬಿಗಿಸುತ್ತೇನೆ. ಮೇನ್ ಇಳಿಸಿದರೂ ಇನ್ವರ್ಟರಿನ ಲೈನಿನಲ್ಲಿ ಕರೆಂಟು ಇರುತ್ತದೆ, ಅದನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿಯೇ ಅವನು ಕೈ ಹಾಕೋದು. ಈ ಸಲ ಎರಡು ಸ್ಕ್ರೂ ಕಾಲು ಸುತ್ತು ತಿರುಗಿದವು. ಅವ್ವ ಅಲ್ಲೇ ಕುರ್ಚಿ ಹಾಕಿಕೊಂಡು ಕೂತು ಒಂದೊಂದನ್ನೂ ಎಣಿಸಿದಳು.